ತಲೆಗೆ ಪೆಟ್ಟು ಬಿದ್ದವರಿಗೆ ರಿಹ್ಯಾಬ್ ವಾರ್ಡಿನಲ್ಲಿ ಹಾಸಿಗೆ: ಡಾಕ್ಟರ್ ಏನು ನೋಡುತ್ತಾರೆ, ಮನೆಯವರು ಏನು ಸಿದ್ಧ ಮಾಡಿಕೊಳ್ಳಬೇಕು

ನಮ್ಮ ಭಾವ ಶಿರಾ ರಸ್ತೆಯಲ್ಲಿ ಬೈಕ್ ಸ್ಕಿಡ್ ಆಗಿ ಬಿದ್ದರು. 23ನೇ ದಿನ ಆಸ್ಪತ್ರೆಯವರು "ಇನ್ನು ಇಲ್ಲಿ ಮಾಡೋದೇನಿಲ್ಲ, ಮನೆಗೆ ಕರ್ಕೊಂಡು ಹೋಗಿ ಫಿಸಿಯೋ ಮಾಡಿಸಿ" ಅಂದರು. ಮೂಗಿನಲ್ಲಿ ಪೈಪು, ಗಂಟಲಲ್ಲಿ ಪೈಪು, ಪಕ್ಕದಲ್ಲಿ ಯೂರಿನ್ ಬ್ಯಾಗ್. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಂಥವರಿಗೆ ಅಂತಲೇ ರಿಹ್ಯಾಬ್ ವಾರ್ಡ್, ಅಂದರೆ ಕೂರೋದು, ನುಂಗೋದು, ನಡೆಯೋದನ್ನು ಮತ್ತೆ ಕಲಿಸುವ ವಾರ್ಡ್, ಇರುತ್ತದೆ ಅಂತ ಆ ಆಸ್ಪತ್ರೆಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಹೇಳಿದ್ದು ಪಕ್ಕದ ಬೆಡ್ಡಿನ ಹುಡುಗನ ಅಣ್ಣ.

ಹೋದೆವು. ಮೊದಲ ಸಲ ತಗೊಳ್ಳಲಿಲ್ಲ. ಐದು ವಾರ ಬಿಟ್ಟು ಹೋದಾಗ ಅದೇ ಡಾಕ್ಟರ್, ಅದೇ ಕುರ್ಚಿಯಲ್ಲಿ ಕೂತು, ಅಡ್ಮಿಶನ್ ಬರೆದರು. ಆ ಐದು ವಾರದಲ್ಲಿ ಏನು ಬದಲಾಯಿತು, ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಏನು ಮಾಡಬಹುದಿತ್ತು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಆಮೇಲೆ ಪರಿಚಯದ ಮೂರು ಮನೆಯವರ ಜೊತೆ ಇದೇ ಓಡಾಟ ಮಾಡಿದ್ದೇನೆ, ಹಾಗಾಗಿ ಆ ಕುರ್ಚಿಯಲ್ಲಿ ಕೂತವರು ಏನು ಕೇಳುತ್ತಾರೆ ಅನ್ನೋದು ಬಾಯಿಪಾಠ ಆಗಿದೆ.

ಮೊದಲು ಒಂದು ತಪ್ಪು ಕಲ್ಪನೆ. ಪೆಟ್ಟು ದೊಡ್ಡದಾದಷ್ಟೂ ಬೇಗ ಹಾಸಿಗೆ ಸಿಗುತ್ತದೆ ಅಂದುಕೊಂಡಿದ್ದೆವು ನಾವು. ಹಾಗಿಲ್ಲ. ಅವರ ತಲೆಯಲ್ಲಿ ಓಡುವ ಪ್ರಶ್ನೆ ಮೂರೇ. ಈ ದೇಹ ದಿನಾ ತರಬೇತಿ ತಡೆದುಕೊಳ್ಳುತ್ತದಾ? ಈ ಮನುಷ್ಯ ಏನಾದರೂ ಕಲಿಯೋ ಸ್ಥಿತಿಯಲ್ಲಿ ಇದ್ದಾನಾ? ಇಲ್ಲಿಂದ ಆಮೇಲೆ ಎಲ್ಲಿಗೆ, ಯಾರ ಕೈಗೆ ಹೋಗುತ್ತಾನೆ? ಮೂರನೇದು ವೈದ್ಯಕೀಯ ಪ್ರಶ್ನೆಯೇ ಅಲ್ಲ ಅನಿಸುತ್ತದೆ, ಅಲ್ವಾ? ನಾವು ಎಡವಿದ್ದು ಅಲ್ಲೂ ಹೌದು.

ಹಂತ 1: ನ್ಯೂರೋಸರ್ಜರಿ ವಾರ್ಡಿನಲ್ಲಿ ಇರುವಾಗಲೇ ಬಾಯಿ ಬಿಟ್ಟು ಕೇಳಿ

ಐಸಿಯುನಿಂದ ವಾರ್ಡಿಗೆ ತಂದ ದಿನವೇ ಕೇಳಬೇಕು: "ಇವರಿಗೆ ರಿಹ್ಯಾಬ್ ಅಡ್ಮಿಶನ್ ಬೇಕಾ? ಬೇಕಾದರೆ ರೆಫರ್ ಮಾಡಿ ಬರೆದುಕೊಡ್ತೀರಾ?" ಸರ್ಜನ್‌ಗೆ ಆಪರೇಷನ್ ಮುಗಿದರೆ ಅವರ ಕೆಲಸ ಮುಗಿದ ಹಾಗೆ. ಕೇಳದೆ ಇದ್ದರೆ ಡಿಸ್ಚಾರ್ಜ್ ಸಮರಿಯ ಕೊನೆಯಲ್ಲಿ "ಫಿಸಿಯೋಥೆರಪಿ ಮುಂದುವರಿಸಿ" ಅಂತ ಒಂದು ಸಾಲು ಬರುತ್ತದೆ, ಅಷ್ಟೇ.

ಎಲ್ಲಿಗೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋ ರಿಹ್ಯಾಬಿಲಿಟೇಶನ್‌ಗೆ ಅಂತಲೇ ಬೇರೆ ವಿಭಾಗ ಇದೆ, ಒಪಿಡಿಯೂ ಇದೆ, ವಾರ್ಡೂ ಇದೆ. ನಮ್ಮ ಕಡೆಯಿಂದ ತುಂಬಾ ಜನ ವೆಲ್ಲೂರಿಗೂ ಹೋಗುತ್ತಾರೆ. ಅಲ್ಲಿ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್) ಆಸ್ಪತ್ರೆಯವರ ರಿಹ್ಯಾಬ್ ಕೇಂದ್ರ ಬಾಗಾಯಂನಲ್ಲಿ 1966ರಿಂದ ನಡೆಯುತ್ತಿದೆ. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ 1954ರಲ್ಲಿ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ವೀಲ್‌ಚೇರಿನಲ್ಲೇ ಕೂತು ಆಪರೇಷನ್ ಮಾಡುತ್ತಿದ್ದರಂತೆ. ವಾರ್ಡಿನ ಹೊರಗೆ ಕೂತು ಕಾಯುವಾಗ ಇಂಥದ್ದೊಂದು ನೆನಪಿದ್ದರೆ ಸ್ವಲ್ಪ ಧೈರ್ಯ. ಇನ್ನು ಕೈಕಾಲು ಸರಿ ಇದ್ದು ಮಾತು ಮಾತ್ರ ಹೋಗಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಅಂದರೆ ಎಲ್ಲರೂ ಆಯಿಷ್ ಅನ್ನುವ ಮಾನಸಗಂಗೋತ್ರಿಯ ಸಂಸ್ಥೆ, ಒಳ್ಳೆ ಜಾಗ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ರಿಹ್ಯಾಬ್ ಘಟಕ ಇರುತ್ತವೆ. ಅಲ್ಲಿ ಹಾಸಿಗೆ ಬೇಗ ಸಿಗಬಹುದು, ದುಡ್ಡು ಬೇಗ ಕರಗುತ್ತದೆ.

ಎಲ್ಲರಿಗೂ ಅಡ್ಮಿಶನ್ ಬೇಕಾಗಿಲ್ಲ ಅನ್ನೋದೂ ಗೊತ್ತಿರಲಿ. ತಾವೇ ನಡೆದಾಡಿಕೊಂಡು, ತಾವೇ ಊಟ ಮಾಡಿಕೊಂಡು, ಮರೆವು ಮತ್ತು ತಲೆನೋವು ಮಾತ್ರ ಇರುವವರಿಗೆ ಒಪಿಡಿಗೆ ಬಂದು ಹೋಗಿ ಅನ್ನುತ್ತಾರೆ. ಅದು ತಳ್ಳಿಹಾಕುವುದಲ್ಲ. ಅವರಿಗೆ ಮನೆಯಲ್ಲಿದ್ದುಕೊಂಡೇ ಕಲಿಯುವುದು ಒಳ್ಳೆಯದು.

ಹಂತ 2: ದೇಹ ತಯಾರಿದೆಯಾ ನೋಡಿ

ರಿಹ್ಯಾಬ್ ವಾರ್ಡ್ ಐಸಿಯು ಅಲ್ಲ. ಅಲ್ಲಿ ನಾಲ್ಕೈದು ಜನ ಸೇರಿ ಕೆಲಸ ಮಾಡುತ್ತಾರೆ: ಫಿಸಿಯೋ, ಆಕ್ಯುಪೇಷನಲ್ ಥೆರಪಿಯವರು (ಬಟ್ಟೆ ಹಾಕೋದು, ಊಟ, ಸ್ನಾನ ಕಲಿಸುವವರು), ಮಾತು ಮತ್ತು ನುಂಗುವುದನ್ನು ನೋಡುವವರು, ಸೈಕಾಲಜಿಸ್ಟ್, ಸೋಶಿಯಲ್ ವರ್ಕರ್. ಇವರೆಲ್ಲರ ಪಾಳಿ ಮುಗಿಯುವಷ್ಟು ಹೊತ್ತು ಪೇಷೆಂಟ್ ಎದ್ದು ಕೂರಬೇಕು. ಅಮೆರಿಕದಲ್ಲಿ ಇದಕ್ಕೆ ಲೆಕ್ಕವೇ ಇದೆ. ದಿನಕ್ಕೆ 3 ಗಂಟೆಯಂತೆ ವಾರಕ್ಕೆ 5 ದಿನ, ಇಲ್ಲವೇ ವಾರಕ್ಕೆ ಒಟ್ಟು 15 ಗಂಟೆ ಥೆರಪಿ ತಡೆದುಕೊಳ್ಳಬಲ್ಲವರು ಅಂತ ಡಾಕ್ಟರ್ ಬರೆದರೆ ಮಾತ್ರ ಅಲ್ಲಿನ ರಿಹ್ಯಾಬ್ ಆಸ್ಪತ್ರೆಗೆ ಮೆಡಿಕೇರ್ (ವಯಸ್ಸಾದವರಿಗೆ ಇರುವ ಅಲ್ಲಿನ ಸರ್ಕಾರಿ ವಿಮೆ) ದುಡ್ಡು ಕೊಡುತ್ತದೆ. ಆಗದಿದ್ದರೆ ನರ್ಸಿಂಗ್ ಹೋಮ್ ಥರದ ಜಾಗಕ್ಕೆ ಕಳಿಸುತ್ತಾರೆ. ಅಲ್ಲಿ ಮಗನ ಮನೆಗೆ ಹೋಗಿದ್ದಾಗ ಅಪ್ಪ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರೆ, ಈ ಮೂರು ಗಂಟೆ ಲೆಕ್ಕದ ಮಾತು ಮೊದಲ ವಾರದಲ್ಲೇ ಕಿವಿಗೆ ಬೀಳುತ್ತದೆ. ನಮ್ಮಲ್ಲಿ ಗಂಟೆ ಲೆಕ್ಕ ಇಷ್ಟು ಬಿಗಿ ಇಲ್ಲ, ಆದರೆ ಯೋಚನೆ ಅದೇ.

ಹಾಗಾಗಿ ನೋಡುವುದು ಇವು. ವೆಂಟಿಲೇಟರ್ ತೆಗೆದು ದಿನಗಳಾಗಿರಬೇಕು. ಜ್ವರ ಬಿಟ್ಟಿರಬೇಕು. ಬಿಪಿ ನೆಟ್ಟಗಿರಬೇಕು. ಫಿಟ್ಸ್ ಮಾತ್ರೆಯ ಹಿಡಿತಕ್ಕೆ ಬಂದಿರಬೇಕು. ಹೊಸ ಸಿಟಿ ಸ್ಕ್ಯಾನಿನಲ್ಲಿ ಹೊಸ ರಕ್ತ ಇರಬಾರದು. ರಕ್ತದಲ್ಲಿ ಸೋಡಿಯಂ ಏರುಪೇರು ಆಗುತ್ತಿರಬಾರದು. ತಲೆ ಪೆಟ್ಟಿನವರಲ್ಲಿ ಇದು ಸುಮ್ನೆ ಸುಮ್ನೆ ಇಳಿಯುತ್ತದೆ, ಇಳಿದರೆ ಮನುಷ್ಯ ಮಂಕಾಗುತ್ತಾನೆ.

ಗಂಟಲ ಪೈಪು, ಅಂದರೆ ಟ್ರೇಕಿ, ಇದ್ದರೆ ತಗೊಳ್ಳಲ್ಲ ಅಂತ ಹೆದರಬೇಡಿ. ಕೆಲವು ಕಡೆ ತಗೊಳ್ಳುತ್ತಾರೆ, ಅದನ್ನು ತೆಗೆಯುವುದನ್ನೇ ಒಂದು ಗುರಿ ಮಾಡಿಕೊಳ್ಳುತ್ತಾರೆ. ಆದರೆ ಗಂಟೆಗೆ ನಾಲ್ಕು ಸಲ ಕಫ ಎಳೆಯಬೇಕಾದ ಸ್ಥಿತಿ ಇದ್ದರೆ ಕಷ್ಟ. ಮೂಗಿನ ರೈಲ್ಸ್ ಟ್ಯೂಬ್ ದೊಡ್ಡ ಅಡ್ಡಿ ಅಲ್ಲ. ಒತ್ತಡ ಇಳಿಸೋಕೆ ತಲೆಬುರುಡೆಯ ತುಂಡು ತೆಗೆದು ಹೊಟ್ಟೆಯ ಚರ್ಮದ ಕೆಳಗೆ ಇಟ್ಟಿದ್ದರೆ ಅದನ್ನು ಮರೆಯದೆ ಹೇಳಿ. ಯಾವ ಕಡೆ ಮೂಳೆ ಇಲ್ಲ, ವಾಪಸ್ ಯಾವಾಗ ಹಾಕುತ್ತಾರೆ ಅಂತ ಸರ್ಜನ್ ಹತ್ತಿರ ಬರೆಸಿಕೊಂಡಿರಿ. ಆ ಕಡೆ ಮಲಗಿಸುವಂತಿಲ್ಲ, ಎಬ್ಬಿಸುವಾಗ ಹೆಲ್ಮೆಟ್ ಹಾಕಿಸಬೇಕಾಗುತ್ತದೆ.

ನಮ್ಮನ್ನು ಮೊದಲ ಸಲ ವಾಪಸ್ ಕಳಿಸಿದ್ದು ಯಾವುದು ಗೊತ್ತಾ? ಬೆಡ್‌ಸೋರ್. ಸೊಂಟದ ಹಿಂದೆ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ, ಎರಡು ಬೆರಳು ಹೋಗುವಷ್ಟು ಗಾಯ. ಹಿಂದಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಮುಚ್ಚಿದ್ದರು, ನಾವು ಬಿಚ್ಚಿಯೂ ನೋಡಿರಲಿಲ್ಲ. ಇಲ್ಲಿ ಡಾಕ್ಟರ್ ಮೊದಲು ಮಾಡಿದ ಕೆಲಸವೇ ಭಾವನನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು ನೋಡಿದ್ದು. ವಾಸನೆ ಬಂತು. ಜ್ವರಕ್ಕೂ ಅದೇ ಕಾರಣ. "ಕೂರಿಸೋಕೇ ಆಗಲ್ಲ, ಕೂರಿಸದೆ ಏನು ಥೆರಪಿ ಮಾಡಲಿ?" ಅಂದರು. ಮಾತು ಸರಿಯೇ.

ಆದ್ದರಿಂದ ಇವತ್ತೇ ಶುರು ಮಾಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಫೋನಿನಲ್ಲಿ ಅಲಾರಂ ಇಟ್ಟುಕೊಂಡು. ಹಿಮ್ಮಡಿ, ಸೊಂಟ, ಮಂಡಿಚಿಪ್ಪಿನ ಪಕ್ಕ, ತಲೆಯ ಹಿಂಭಾಗ ದಿನಾ ನೋಡಿ. ಏರ್ ಬೆಡ್ ಇದೆ ಅಂತ ಹೊರಳಿಸೋದನ್ನು ಬಿಡಬೇಡಿ. ಕೈ ಮುಷ್ಟಿ ಬಿಗಿಯುತ್ತಿದ್ದರೆ, ಪಾದ ಕೆಳಮುಖವಾಗಿ ಸೆಟೆಯುತ್ತಿದ್ದರೆ ಅದನ್ನು ಈಗಲೇ ಫಿಸಿಯೋದವರಿಗೆ ತೋರಿಸಿ. ಆಮೇಲೆ ಬಿಡಿಸೋಕೆ ತಿಂಗಳು ಹಿಡಿಯುತ್ತದೆ.

ಹಂತ 3: "ಹೇಳಿದ್ದು ಕೇಳುತ್ತಾರಾ?"

ಇದು ಎಲ್ಲದಕ್ಕಿಂತ ಜಾಸ್ತಿ ತೂಗುವ ಪ್ರಶ್ನೆ. ಡಿಸ್ಚಾರ್ಜ್ ಕಾಗದದಲ್ಲಿ ಇ4 ವಿಟಿ ಎಂ5 ಅಂತ ಏನೋ ಒಂದು ಬರೆದಿರುತ್ತದೆ ನೋಡಿ. ಅದು ಜಿಸಿಎಸ್, ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್, ಎಚ್ಚರ ಎಷ್ಟಿದೆ ಅಂತ ಅಳೆಯೋದು. ಗ್ಲಾಸ್ಗೋ ಊರಿನ ಇಬ್ಬರು ನ್ಯೂರೋಸರ್ಜನ್‌ಗಳು 1974ರಲ್ಲಿ ಮಾಡಿದ ಅಳತೆ. ಇ ಅಂದರೆ ಕಣ್ಣು, 4ಕ್ಕೆ. ವಿ ಅಂದರೆ ಮಾತು, 5ಕ್ಕೆ. ಎಂ ಅಂದರೆ ಅಂಗಾಂಗದ ಚಲನೆ, 6ಕ್ಕೆ. ಒಟ್ಟು 15, ಕನಿಷ್ಠ 3. ಗಂಟಲಲ್ಲಿ ಪೈಪು ಇದ್ದರೆ ಮಾತು ಬರಲ್ಲ, ಅದಕ್ಕೆ ನಂಬರ್ ಬದಲು ಟಿ ಬರೆಯುತ್ತಾರೆ. ರಿಹ್ಯಾಬ್‌ನವರ ಕಣ್ಣು ಮೊದಲು ಹೋಗುವುದು ಎಂ ಮೇಲೆ. ಎಂ5 ಅಂದರೆ ನೋವು ಮಾಡಿದರೆ ಕೈ ಆ ಜಾಗಕ್ಕೆ ಬರುತ್ತದೆ. ಎಂ6 ಅಂದರೆ ಹೇಳಿದ್ದನ್ನು ಕೇಳಿ ಮಾಡುತ್ತಾರೆ. ಐದಕ್ಕೂ ಆರಕ್ಕೂ ಒಂದೇ ಅಂಕದ ವ್ಯತ್ಯಾಸ ಅನಿಸುತ್ತದೆ. ಕಲಿಸುವವರಿಗೆ ಅದು ಬಾಗಿಲು ಮುಚ್ಚಿರೋದಕ್ಕೂ ತೆರೆದಿರೋದಕ್ಕೂ ಇರುವ ವ್ಯತ್ಯಾಸ.

ಇಲ್ಲಿ ಮನೆಯವರು ಎರಡು ಥರ ಮೋಸ ಹೋಗುತ್ತೇವೆ. ಒಂದು, ಕೈಯಲ್ಲಿ ಕೈ ಇಟ್ಟು "ಹಿಸುಕಿ" ಅಂದಾಗ ಹಿಸುಕಿದರೆ ಕುಣಿದುಬಿಡುತ್ತೇವೆ. ಅಂಗೈಗೆ ಏನು ತಾಗಿದರೂ ಕೈ ತಾನಾಗೇ ಮುಚ್ಚಿಕೊಳ್ಳುತ್ತದೆ, ಹಸುಗೂಸಿನ ಹಾಗೆ. ಅದನ್ನು ಡಾಕ್ಟರ್ ಲೆಕ್ಕಕ್ಕೆ ತಗೊಳ್ಳಲ್ಲ. "ಎರಡು ಬೆರಳು ತೋರಿಸಿ", "ನಾಲಿಗೆ ಹೊರಗೆ ಹಾಕಿ", "ಹಿಸುಕಿ, ಈಗ ಬಿಡಿ" ಅಂತ ಹೇಳಿ ನೋಡಿ. ಬಿಡು ಅಂದಾಗ ಬಿಡುವುದೇ ದೊಡ್ಡ ವಿಷಯ.

ಎರಡು, ನಿಜವಾಗಿ ಬಂದಿರುವ ಪ್ರಜ್ಞೆಯನ್ನೇ ನಾವು ಗಮನಿಸುವುದಿಲ್ಲ. ಅಕ್ಕ ಒಂದು ಬೆಳಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದು ಭಾವನ ಮುಂದೆ ಕೂತಿದ್ದಳು. ಅವರ ಕಣ್ಣು ಲೋಟದ ಜೊತೆ ಎಡಕ್ಕೆ ಬಂತು, ಬಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಬಲಗೈ ಹೊದಿಕೆಯ ಕೆಳಗಿಂದ ಮೆಲ್ಲಗೆ ಎದ್ದು, ಲೋಟ ಹಿಡಿಯೋ ಆಕಾರಕ್ಕೆ ಬೆರಳು ಬಾಗಿತು. ಅವಳು ಅದನ್ನು ಫೋನಿನಲ್ಲಿ ಹಿಡಿದಳು. ನಲವತ್ತು ಸೆಕೆಂಡಿನ ವೀಡಿಯೋ. ಎರಡನೇ ಸಲ ಹೋದಾಗ ಡಾಕ್ಟರ್ ಅದನ್ನು ಮೂರು ಸಲ ನೋಡಿದರು. ಕಣ್ಣು ವಸ್ತುವನ್ನು ಹಿಂಬಾಲಿಸುವುದು, ವಸ್ತುವಿನ ಉಪಯೋಗ ಗೊತ್ತಿರುವುದು, ಎರಡನ್ನೂ ಅವರು ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಕಣ್ಣಿನ ಪರೀಕ್ಷೆಗೆ ಕನ್ನಡಿ ಹಿಡಿಯುತ್ತಾರೆ, ಯಾಕೆಂದರೆ ತನ್ನ ಮುಖದಷ್ಟು ಬೇಗ ಬೇರೆ ಯಾವುದೂ ಕಣ್ಣನ್ನು ಎಳೆಯಲ್ಲ. ಮನೆಯಲ್ಲೂ ಮಾಡಿ ನೋಡಬಹುದು.

ಒಂದು ನೋಟ್‌ಬುಕ್ ಇಡಿ. ಏನು ಹೇಳಿದಿರಿ, ಏನು ಮಾಡಿದರು, ಎಷ್ಟು ಗಂಟೆಗೆ. ಹತ್ತು ಸಲದಲ್ಲಿ ಎಷ್ಟು ಸಲ. ತಲೆಗೆ ಪೆಟ್ಟಾದವರು ಬೆಳಗ್ಗೆ ಚುರುಕು, ಮಧ್ಯಾಹ್ನ ಮಂಕು ಇರಬಹುದು. ಆಂಬುಲೆನ್ಸಿನಲ್ಲಿ ಮೂರು ಗಂಟೆ ಅಲುಗಾಡಿ ಬಂದ ಮೇಲೆ ಒಪಿಡಿಯಲ್ಲಿ ಕಣ್ಣೇ ಬಿಡದೆ ಮಲಗಿದರೆ, ನಿಮ್ಮ ನೋಟ್‌ಬುಕ್ಕು ಮತ್ತು ವೀಡಿಯೋವೇ ಸಾಕ್ಷಿ. ನಿದ್ದೆ ಬರಿಸುವ ಮಾತ್ರೆ ಯಾವುದಾದರೂ ನಡೆಯುತ್ತಿದ್ದರೆ ಅದನ್ನೂ ಹೇಳಿ.

ಭಾಷೆ ವಿಷಯ. ಬೆಂಗಳೂರಿನಲ್ಲಿ ಪರೀಕ್ಷೆ ಮಾಡುವ ಜೂನಿಯರ್ ಡಾಕ್ಟರ್ ಹಿಂದಿಯವರೋ ಮಲಯಾಳಿಯೋ ಆಗಿರಬಹುದು. "ಹಾಥ್ ಉಠಾವ್" ಅಂದರೆ ಸಿಂಧನೂರಿನ ಅಜ್ಜನಿಗೆ ಏನು ಗೊತ್ತಾಗಬೇಕು? ನಾಚಿಕೆ ಬಿಟ್ಟು "ಸರ್, ನಾನು ಕನ್ನಡದಲ್ಲಿ ಹೇಳ್ತೀನಿ, ನೀವು ನೋಡಿ" ಅನ್ನಿ. ಮನೆಮಾತು ತುಳುವೋ ಉರ್ದುವೋ ಆಗಿದ್ದರೆ ಅದರಲ್ಲೇ ಹೇಳಿ. ಬರೀ ಹೇಳಿ, ಕೈ ಸನ್ನೆ ಮಾಡಿ ತೋರಿಸಬೇಡಿ, ತೋರಿಸಿದರೆ ಪರೀಕ್ಷೆ ಕೆಟ್ಟಿತು.

ಇನ್ನು ಕಿರುಚಾಟ. ಪ್ರಜ್ಞೆ ಬರುವ ದಾರಿಯಲ್ಲಿ ಒಂದು ಹಂತ ಇದೆ. ಬೈಯುತ್ತಾರೆ, ಪೈಪು ಕಿತ್ತುಕೊಳ್ಳುತ್ತಾರೆ, ಹಾಸಿಗೆಯಿಂದ ಇಳಿದು ಓಡೋಕೆ ನೋಡುತ್ತಾರೆ, ಹೆಂಡತಿಯನ್ನೇ ಯಾರು ನೀನು ಅನ್ನುತ್ತಾರೆ. ಊರಲ್ಲಿ ಜನ ಹುಚ್ಚು ಹಿಡಿಯಿತು ಅಂತಾರೆ, ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಅಂತಾರೆ. ರಿಹ್ಯಾಬ್‌ನವರು ಬಳಸುವ ರಾಂಚೋ ಅನ್ನುವ ಮಾಪಕದಲ್ಲಿ ಇದು 4ನೇ ಮೆಟ್ಟಿಲು, ಒಂದರಿಂದ ಮೂರರವರೆಗಿನ ಮೌನದಿಂದ ಮೇಲಕ್ಕೆ ಬಂದಿರುವುದು. ಇದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟು ಅಡ್ಮಿಟ್ ಮಾಡಿಸಿದರೆ ಮೊದಲ ರಾತ್ರಿಯೇ ಗೊತ್ತಾಗುತ್ತದೆ. ಹೇಳಿದರೆ ಗಲಾಟೆ ಕಮ್ಮಿ ಇರುವ ಮೂಲೆಯ ಹಾಸಿಗೆ ಕೊಡಬಹುದು.

ಯಾವ ಪ್ರತಿಕ್ರಿಯೆಯೂ ಇಲ್ಲದೆ ಕಣ್ಣು ಬಿಟ್ಟುಕೊಂಡು ಮಲಗಿರುವವರ ಕಥೆ? ಅವರಿಗೆ ಪೂರ್ತಿ ಕಾರ್ಯಕ್ರಮಕ್ಕೆ ಹಾಸಿಗೆ ಸಿಗುವುದು ಕಷ್ಟ, ಸುಳ್ಳು ಹೇಳಲ್ಲ. ಆದರೆ ಮನೆಯವರಿಗೆ ಆರೈಕೆ ಕಲಿಸೋಕೆ ಅಂತ ಸ್ವಲ್ಪ ದಿನಕ್ಕೆ ಸೇರಿಸಿಕೊಳ್ಳಿ ಅಂತ ಕೇಳಬಹುದು. ಮತ್ತೆ ಇನ್ನೊಂದು. ಮೊದಲೆಲ್ಲ ಅಪಘಾತದ ಪೆಟ್ಟಾಗಿ ಒಂದು ವರ್ಷ ಹೀಗೇ ಇದ್ದರೆ "ಶಾಶ್ವತ" ಅಂತ ಬರೆದುಬಿಡುತ್ತಿದ್ದರು. 2018ರಲ್ಲಿ ಅಮೆರಿಕದ ನರರೋಗ ತಜ್ಞರ ಸಂಘ ಆ ಪದವನ್ನೇ ಕೈಬಿಟ್ಟು "ದೀರ್ಘಕಾಲದ" ಅನ್ನಿ ಅಂದಿತು, ವರ್ಷ ಕಳೆದ ಮೇಲೂ ಕೆಲವರು ಚೇತರಿಸಿಕೊಂಡದ್ದು ಕಂಡಿದ್ದರಿಂದ. ಹಾಗಾಗಿ ಮೂರ್ನಾಲ್ಕು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ ಮಾಡಿಸಿ.

ಹಂತ 4: ಗುರಿ ಏನು ಅಂತ ಚಿಕ್ಕದಾಗಿ ಹೇಳೋಕೆ ಕಲಿಯಿರಿ

"ಮೊದಲಿನ ಹಾಗೆ ಆಗಬೇಕು ಸರ್." ಎಲ್ಲರೂ ಹೇಳುವುದು ಇದನ್ನೇ, ನಾನೂ ಹೇಳಿದೆ. ಇದರಿಂದ ಅವರಿಗೆ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಕೆಲವು ವಾರದಲ್ಲಿ ಮುಟ್ಟಬಹುದಾದ ಗುರಿ: ಒಬ್ಬರ ಸಹಾಯದಿಂದ ಮಂಚದಿಂದ ವೀಲ್‌ಚೇರಿಗೆ ಬರುವುದು, ಮೂಗಿನ ಪೈಪು ತೆಗೆದು ಗಂಜಿ ನುಂಗುವುದು, ಕ್ಯಾತಿಟರ್ ತೆಗೆದು ಮೂತ್ರ ಬಂದಾಗ ಹೇಳುವುದು. ಅಕ್ಕ ಎರಡನೇ ಸಲ "ನಾನೊಬ್ಬಳೇ ಇವರನ್ನ ಬಚ್ಚಲಿಗೆ ಕರ್ಕೊಂಡು ಹೋಗೋ ಹಾಗಾದ್ರೆ ಸಾಕು" ಅಂದಳು. ಸೋಶಿಯಲ್ ವರ್ಕರ್ ಅದನ್ನು ಹಾಗೇ ಬರೆದುಕೊಂಡರು.

ಹಿಂದಿನ ಮನುಷ್ಯ ಹೇಗಿದ್ದರು ಅಂತಲೂ ಕೇಳುತ್ತಾರೆ. ಎಷ್ಟು ಓದಿದ್ದಾರೆ, ಏನು ಕೆಲಸ, ಎಡಗೈಯವರಾ ಬಲಗೈಯವರಾ, ಶುಗರ್ ಇತ್ತಾ, ಮೊದಲು ಫಿಟ್ಸ್ ಇತ್ತಾ. ಕುಡಿಯುತ್ತಿದ್ದರಾ ಅಂತ ಕೇಳಿದಾಗ ಮಾವನವರು ಪಕ್ಕದಲ್ಲಿ ನಿಂತಿದ್ದರೂ ನಿಜ ಹೇಳಿ.

ಹಂತ 5: ಮನೆ, ಜನ, ದುಡ್ಡು

ಮೂರನೇ ಪ್ರಶ್ನೆಗೆ ಬಂದೆವು. ಇದು ಚೇತರಿಸಿಕೊಂಡು ವಾಪಸ್ ಹೋಗಲಿ ಅಂತ ಇರುವ ಹಾಸಿಗೆ. ಸೇರಿಸಿ ಮನೆಯವರು ಮಾಯವಾದರೆ ಆ ಹಾಸಿಗೆ ತಿಂಗಳುಗಟ್ಟಲೆ ಕಟ್ಟಿಹೋಗುತ್ತದೆ, ಹೊರಗೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಅದಕ್ಕೇ ಮೊದಲ ಭೇಟಿಯಲ್ಲೇ ಕೇಳಿದರು: "ಜೊತೆಗೆ ಯಾರು ಇರ್ತೀರಿ? ಆಮೇಲೆ ಯಾರು ನೋಡ್ಕೊಳ್ತೀರಿ?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಕ್ಕನಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ನನಗೆ ನೌಕರಿ, ಭಾವನ ಅಣ್ಣ ಆಗಲೇ ಬಸ್ ಹತ್ತಿದ್ದರು.

ಆ ಐದು ವಾರದಲ್ಲಿ ಮನೆಯಲ್ಲಿ ಕೂತು ಮಾತಾಡಿದೆವು. ಸುಲಭ ಇರಲಿಲ್ಲ, ಒಂದು ದಿನ ತಟ್ಟೆ ಬಿಟ್ಟು ಎದ್ದದ್ದೂ ಆಯಿತು. ಕೊನೆಗೆ ಒಂದು ಹಾಳೆಯಲ್ಲಿ ಬರೆದೆವು. ಹಗಲು ಅಕ್ಕ, ರಾತ್ರಿ ಭಾವನ ತಮ್ಮ, ಶನಿವಾರ ಭಾನುವಾರ ನಾನು, ಮಕ್ಕಳು ಅಮ್ಮನ ಹತ್ತಿರ. ಆ ಹಾಳೆಯನ್ನು ಒಪಿಡಿಯಲ್ಲಿ ತೋರಿಸಿದಾಗ ಅವರ ಮುಖ ಸಡಿಲಾಯಿತು, ಆಣೆ ಮಾಡಿ ಹೇಳುತ್ತೇನೆ. ನಮ್ಮ ಕಡೆಯ ರಿಹ್ಯಾಬ್ ವಾರ್ಡುಗಳಲ್ಲಿ ಸಾಮಾನ್ಯವಾಗಿ ಮನೆಯವರು ಒಬ್ಬರು ಜೊತೆಗಿರಲೇಬೇಕು, ಯಾಕೆಂದರೆ ಅಲ್ಲಿ ಅರ್ಧ ತರಬೇತಿ ನಮಗೇ. ಬರೀ ಬಾಡಿಗೆ ಅಟೆಂಡರ್ ಬಿಟ್ಟು ಹೋದರೆ ಕಲಿತದ್ದು ಅವನ ಜೊತೆಗೇ ಹೋಗುತ್ತದೆ.

ಮನೆಯನ್ನೂ ಅಳೆಯಿರಿ, ನಿಜವಾಗಿ ಟೇಪ್ ಹಿಡಿದು. ಅಕ್ಕನ ಮನೆಯ ಬಚ್ಚಲ ಬಾಗಿಲು 22 ಇಂಚು. ಮಾಮೂಲಿ ವೀಲ್‌ಚೇರ್ ಅದರಲ್ಲಿ ನುಗ್ಗಲ್ಲ. ಮೆಟ್ಟಿಲು ಎಷ್ಟು, ಹೊಸ್ತಿಲು ಎಷ್ಟು ಎತ್ತರ, ಕಕ್ಕಸು ಇಂಡಿಯನ್ನಾ ವೆಸ್ಟರ್ನಾ, ಎಲ್ಲದರ ಫೋಟೋ ತೆಗೆದುಕೊಂಡು ಹೋಗಿ. ಅದನ್ನು ನೋಡಿಯೇ ಏನು ಕಲಿಸಬೇಕು ಅಂತ ನಿರ್ಧಾರ ಮಾಡುತ್ತಾರೆ.

ದುಡ್ಡಿನ ವಿಷಯ ಚಿಕ್ಕದಾಗಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಆದರೆ ನಿಮ್ಮ ಪೇಷೆಂಟಿನ ರಿಹ್ಯಾಬ್ ದಿನಗಳು ಯಾವ ಪ್ಯಾಕೇಜಿನಲ್ಲಿ ಬರುತ್ತವೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರನನ್ನು (ಈ ಯೋಜನೆಯ ಕಡೆಯಿಂದ ಅಲ್ಲಿ ಕೂರುವವರು) ಅಡ್ಮಿಶನ್‌ಗೆ ಮೊದಲೇ ಕೇಳಿ. ಖಾಸಗಿ ಇನ್ಶೂರೆನ್ಸ್ ಇದ್ದರೆ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. "ಇದು ಬರೀ ಫಿಸಿಯೋ" ಅಂತ ಕ್ಲೇಮ್ ತಳ್ಳಿಹಾಕುವ ಸಾಧ್ಯತೆ ಇರುತ್ತದೆ. ರಸ್ತೆ ಅಪಘಾತ ಆಗಿದ್ದರೆ ಎಫ್‌ಐಆರ್, ಎಂಎಲ್‌ಸಿ (ಪೊಲೀಸ್ ಕೇಸಿಗೆ ಅಂತ ಆಸ್ಪತ್ರೆಯವರು ಬರೆದ ದಾಖಲೆ) ನಕಲು, ಪ್ರತಿ ಬಿಲ್ಲು, ಆಂಬುಲೆನ್ಸಿನ ರಸೀದಿ ಸಮೇತ ಒಂದು ಫೈಲಿನಲ್ಲಿ ಇಡಿ. ಪರಿಹಾರದ ಕೇಸಿನಲ್ಲಿ ಮುಂದಿನ ಚಿಕಿತ್ಸೆಯ ಖರ್ಚನ್ನೂ ಕೇಳಬಹುದು.

ಹಂತ 6: ಪರೀಕ್ಷೆಯ ದಿನ

ಒಯ್ಯಬೇಕಾದ್ದು: ಡಿಸ್ಚಾರ್ಜ್ ಸಮರಿ, ಆಪರೇಷನ್ ನೋಟು, ಮೊದಲ ಸಿಟಿ ಮತ್ತು ಕೊನೆಯ ಸಿಟಿಯ ಫಿಲ್ಮ್ (ರಿಪೋರ್ಟ್ ಮಾತ್ರ ಸಾಲದು), ಈಗ ಕೊಡುತ್ತಿರುವ ಮಾತ್ರೆಗಳ ಚೀಟಿ, ನೋಟ್‌ಬುಕ್ಕು, ವೀಡಿಯೋ ಇರುವ ಫೋನು ಚಾರ್ಜ್ ಮಾಡಿಕೊಂಡು. ಟ್ಯೂಬಿನಲ್ಲಿ ಊಟ ಹಾಕುವ ಸಿರಿಂಜು ಮರೆಯಬೇಡಿ, ಒಪಿಡಿಯಲ್ಲಿ ಮಧ್ಯಾಹ್ನ ಆಗುತ್ತದೆ.

ಮತ್ತೆ ಕನ್ನಡಕ. ಭಾವನಿಗೆ ದೂರದ್ದೂ ಹತ್ತಿರದ್ದೂ ಎರಡೂ ಕಾಣಲ್ಲ, ಹಳೇ ಪವರ್. ಬೈಕಿನಿಂದ ಬಿದ್ದಾಗ ಕನ್ನಡಕ ಒಡೆದಿತ್ತು. ಎರಡು ತಿಂಗಳು ನಮ್ಮಲ್ಲಿ ಒಬ್ಬರಿಗೂ ಅದು ತಲೆಗೆ ಬರಲಿಲ್ಲ! ಚಿತ್ರದ ಕಾರ್ಡ್ ತೋರಿಸಿ "ಇದೇನು?" ಅಂದರೆ ಸುಮ್ಮನಿರುತ್ತಿದ್ದರು, ನಾವು ಮಿದುಳು ಅಂದುಕೊಂಡೆವು. ಕಿವಿಯ ಮಿಷನ್, ಹಲ್ಲಿನ ಸೆಟ್ ಇದ್ದರೂ ಹಾಗೇ.

ಇಲ್ಲ ಅಂದರೆ?

ಬಾಗಿಲಿನಿಂದ ಹೊರಗೆ ಬರುವ ಮೊದಲು ಒಂದೇ ಪ್ರಶ್ನೆ ಕೇಳಿ: "ಏನು ಬದಲಾದರೆ ತಗೊಳ್ತೀರಿ? ಯಾವಾಗ ಮತ್ತೆ ತೋರಿಸಲಿ?" ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಹಾಸಿಗೆ ಖಾಲಿ ಇಲ್ಲ ಅನ್ನೋದು ಒಂದು ಉತ್ತರ, ಪೇಷೆಂಟ್ ತಯಾರಿಲ್ಲ ಅನ್ನೋದು ಇನ್ನೊಂದು. ಮೊದಲನೆಯದಾದರೆ ಕಾಯುವ ಪಟ್ಟಿಯಲ್ಲಿ ಹೆಸರು, ಎರಡು ಫೋನ್ ನಂಬರ್ ಕೊಡಿ, ಗೊತ್ತಿಲ್ಲದ ನಂಬರಿನ ಕರೆ ಬಂದರೂ ಎತ್ತಿ. ಎರಡನೆಯದಾದರೆ ಊರಿನ ಹತ್ತಿರದ ಫಿಸಿಯೋಗೆ ಆ ಕಾಗದ ತೋರಿಸಿ ಅದರ ಪ್ರಕಾರವೇ ಕೆಲಸ ಮಾಡಿಸಿ. ಚೆನ್ನಾಗಿ ಆಗುತ್ತಾ ಬಂದವರು ಇದ್ದಕ್ಕಿದ್ದಂತೆ ಹಿಂದಕ್ಕೆ ಜಾರಿದರೆ, ಮಂಕಾದರೆ, ವಾಂತಿ ಮಾಡಿದರೆ ದಿನಾಂಕಕ್ಕೆ ಕಾಯಬೇಡಿ. ತಲೆಯೊಳಗೆ ನೀರು ತುಂಬಿರಬಹುದು, ತಕ್ಷಣ ನ್ಯೂರೋಸರ್ಜನ್ ಹತ್ತಿರ ಹೋಗಿ.

ನಮ್ಮ ಕಾಗದದಲ್ಲಿ ಮೂರು ಸಾಲು ಇತ್ತು. ಗಾಯ ಮಾಗಬೇಕು. ಜ್ವರ ಇಲ್ಲದೆ ಒಂದು ವಾರ ಆಗಬೇಕು. ಜೊತೆಗಿರುವವರು ಯಾರು ಅಂತ ತೀರ್ಮಾನ ಆಗಬೇಕು. ಮೊದಲ ಎರಡಕ್ಕೆ ಸರಿ ಗುರುತು ಹಾಕಿ, ಮೂರನೇದಕ್ಕೆ ಪಾಳಿ ಬರೆದ ಹಾಳೆಯನ್ನು ಪಿನ್ ಮಾಡಿಕೊಂಡು ಹೋದೆವು. ಅವತ್ತು ಹಾಸಿಗೆ ಇರಲಿಲ್ಲ. ಒಂಬತ್ತನೇ ದಿನ ಬೆಳಗ್ಗೆ ಫೋನ್ ಬಂತು, ಮಧ್ಯಾಹ್ನದೊಳಗೆ ಬನ್ನಿ, ಲುಂಗಿ ಬೇಡ, ಎಲಾಸ್ಟಿಕ್ ಪ್ಯಾಂಟು ಮತ್ತು ಜಾರದ ಶೂ ತನ್ನಿ ಅಂತ.